ಮೊದಲು ಕಟ್ಟಿಗೆ ಎಣಿಸಿ, ಆಮೇಲೆ ನಕಾಶೆ: ಹಳೆ ವಾಡೆಯ ಮರದಲ್ಲಿ ಹೊಲದ ಮನೆ

ನಮ್ಮ ಅಜ್ಜನ ವಾಡೆ, ಅಂದರೆ ಹಳೆ ಕಾಲದ ದೊಡ್ಡ ಮನೆ, ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿತ್ತು. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ (ಮರದ ಮೇಲೆ ಮಣ್ಣು ಹಾಕಿದ ಚಪ್ಪಟೆ ಸೂರು), ಸಾಗವಾನಿ ಕಂಬ. ಹತ್ತು ವರ್ಷ ಅಲ್ಲಿ ಯಾರೂ ಇರಲಿಲ್ಲ. ಒಂದು ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿಯಿತು. ಉಳಿದದ್ದನ್ನು ಬಿಚ್ಚಿ, ಅದೇ ಕಟ್ಟಿಗೆಯಲ್ಲಿ ಕಮಲಾಪುರದ ಹತ್ತಿರ ಇರುವ ನಮ್ಮ ಹೊಲದಲ್ಲಿ ಸಣ್ಣ ಮನೆ ಕಟ್ಟೋಣ ಅಂತ ಮನೆಯವರೆಲ್ಲ ಮಾತಾಡಿಕೊಂಡೆವು. ಕಲಬುರಗಿಯಿಂದ ಶನಿವಾರ ಸಂಜೆ ಹೋಗಿ, ಸೋಮವಾರ ಬೆಳಿಗ್ಗೆ ತಿರುಗಿ ಬರುವಂಥ ಮನೆ.

ನಾನು ಮೊದಲು ಮಾಡಿದ ಕೆಲಸ ನಕಾಶೆ ಬರೆಸಿದ್ದು. 14 ಅಡಿ ಅಗಲದ ಹಾಲ್, ಎರಡು ಕೋಣೆ, ದೊಡ್ಡ ಕಿಟಕಿಗಳು. ಕಾಗದದ ಮೇಲೆ ಚೆಂದ ಕಾಣುತ್ತಿತ್ತು. ಅದನ್ನು ತಂದು ಬಡಿಗೇರ ಅಜ್ಜನ ಮುಂದೆ ಹಾಸಿದೆ. ಅವರು ಸ್ವಲ್ಪ ಹೊತ್ತು ನೋಡಿ ಹೇಳಿದರು: "ಅಕ್ಕಾರ, ನಿಮ್ಮ ತೊಲಿ ಹತ್ತ ಫೂಟ್ ಅದಾವ್ರಿ. ಹದಿನಾಕ ಫೂಟಿಂದು ಎಲ್ಲಿಂದ ತರ್ತೀರಿ? ಮೊದಲ ಕಟ್ಟಿಗಿ ಎಣಸ್ರಿ, ಆಮ್ಯಾಲ ನಕಾಶಿ ತಗೀರಿ."

ಆ ಮಾತು ಕೇಳಿ ನಕಾಶೆ ಮಡಚಿಟ್ಟೆ. ತೊಲೆ ಅಂದರೆ ಸೂರಿನ ಭಾರ ಹೊರುವ ದಪ್ಪ ಮರ. ಹೊಸ ಕಟ್ಟಿಗೆಯನ್ನು ಬೇಕಾದ ಅಳತೆಗೆ ಕೊಯ್ಸಬಹುದು. ಹಳೆ ಕಟ್ಟಿಗೆಗೆ ತನ್ನದೇ ಅಳತೆ ಇರುತ್ತದೆ. ಆ ಅಳತೆಗೆ ಮನೆ ಹೊಂದಬೇಕು. ಮನೆಗೆ ಹೊಂದಿಸಲು ಹೋಗಿ ತೊಲೆ ಕತ್ತರಿಸಿದರೆ ಅರ್ಧ ಕಟ್ಟಿಗೆ ಒಲೆಗೆ ಹೋಗುತ್ತದೆ.

ಸ್ವಂತ ವಾಡೆ ಇಲ್ಲದಿದ್ದರೆ

ಕಲಬುರಗಿ, ಬೀದರ್, ಯಾದಗಿರಿ ಕಡೆ ಹಳ್ಳಿಗಳಲ್ಲಿ ಹಳೆ ಮಾಳಿಗೆ ಮನೆ ಕೆಡವಿ ಸ್ಲ್ಯಾಬ್ ಮನೆ ಕಟ್ಟುವುದು ನಡೆದೇ ಇದೆ. ಕೆಡವುವ ಮೊದಲೇ ಹೋಗಿ ಮಾತಾಡಿದರೆ ಒಳ್ಳೆಯದು. ಮನೆ ನಿಂತಿರುವಾಗಲೇ ಯಾವ ತೊಲೆ ಎಲ್ಲಿತ್ತು, ಎಷ್ಟು ಬಾಗಿತ್ತು, ಎಲ್ಲಿ ಸೋರುತ್ತಿತ್ತು ಅನ್ನುವುದು ಕಣ್ಣಿಗೆ ಕಾಣುತ್ತದೆ. ಅಡ್ಡೆಗೆ (ಕಟ್ಟಿಗೆ ಮಾರುವ, ಕೊಯ್ಯುವ ಜಾಗ) ಬಂದು ರಾಶಿ ಬಿದ್ದ ಮೇಲೆ ಆ ಕಥೆ ಯಾರಿಗೂ ಗೊತ್ತಿರುವುದಿಲ್ಲ.

ಕೊಳ್ಳುವಾಗ ಲೆಕ್ಕ ಘನ ಅಡಿಯಲ್ಲಿ ಇರುತ್ತದೆ. 6 ಇಂಚು ಅಗಲ, 6 ಇಂಚು ದಪ್ಪ, 10 ಅಡಿ ಉದ್ದದ ತೊಲೆ ಅಂದರೆ ಎರಡೂವರೆ ಘನ ಅಡಿ. ಒಣಗಿದ ಸಾಗವಾನಿ ಒಂದು ಘನ ಅಡಿಗೆ ಸುಮಾರು 18 ಕಿಲೋ ತೂಗುತ್ತದೆ. ಹಾಗಾದರೆ ಆ ತೊಲೆ 45 ಕಿಲೋ ಹತ್ತಿರ ಇರಬೇಕು. ಇಬ್ಬರು ಎತ್ತಿ ನೋಡಿ. ತೀರಾ ಹಗುರ ಅನ್ನಿಸಿದರೆ ಒಳಗೆ ಪೊಳ್ಳಾಗಿದೆ, ಇಲ್ಲವೇ ಅದು ಸಾಗವಾನಿಯೇ ಅಲ್ಲ. ಮೂಲೆಯಲ್ಲಿ ಸ್ವಲ್ಪ ರಂದಾ (ಮರ ಹೆರೆಯುವ ಉಪಕರಣ) ಹೊಡೆಸಿ. ಹಳೆ ಸಾಗವಾನಿಯ ಒಳಗೆ ಹೊಂಬಣ್ಣ ಕಾಣುತ್ತದೆ, ಎಣ್ಣೆ ಬೆರೆತ ಚರ್ಮದಂಥ ವಾಸನೆ ಬರುತ್ತದೆ. ಬೇವು, ಜಾಲಿ ಸಿಕ್ಕರೆ ಬೇಡ ಅನ್ನಬೇಡಿ. ಜಾಲಿ ಗಟ್ಟಿ ಮರ, ಗಾಡಿಯ ಗಾಲಿಗೇ ಬಳಸುತ್ತಿದ್ದರು. ಬೆಲೆ ಮಾತ್ರ ಸಾಗವಾನಿಯದ್ದು ಕೊಡಬೇಡಿ.

ಒಂದು ವಸ್ತುವನ್ನು ಮನೆಗೆ ತರಲೇಬೇಡಿ: ರೈಲು ಹಳಿಯ ಕೆಳಗಿನ ಹಳೆ ಮರದ ಸ್ಲೀಪರ್. ವಾಡಿ, ಶಹಾಬಾದ್ ರೈಲಿನ ಊರುಗಳು. ಹಾಗಾಗಿ ಈ ಭಾಗದಲ್ಲಿ ಅಂಥ ಕಟ್ಟಿಗೆ ಯಾರಾದರೂ ತೋರಿಸಬಹುದು. ದಪ್ಪ, ಗಟ್ಟಿ, ನೋಡಲು ಭರ್ಜರಿ. ಆದರೆ ಅದು ಕೊಳೆಯದಿರಲಿ ಅಂತ ಕ್ರಿಯೋಸೋಟ್ ಎಂಬ ಟಾರಿನಂಥ ಎಣ್ಣೆ ಕುಡಿಸಿರುತ್ತಾರೆ. ಅದು ವಿಷ. ಬಿಸಿಲಿಗೆ ಕಾದಾಗ ವಾಸನೆ ಬರುತ್ತದೆ, ಕೈಗೂ ಅಂಟುತ್ತದೆ. ಮಕ್ಕಳು ಓಡಾಡುವ ಮನೆಗೆ, ಊಟದ ಮೇಜಿಗೆ, ಮಂಚಕ್ಕೆ ಅದು ಬೇಡವೇ ಬೇಡ. ಒಲೆಗೂ ಹಾಕಬಾರದು.

ಕಟ್ಟಿಗೆ ಕೊಂಡ ಮೇಲೆ ಯಾರ ಮನೆಯದು, ಎಷ್ಟು ತುಂಡು, ಎಷ್ಟು ಘನ ಅಡಿ ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಲಾರಿ ಹೊರಡುವ ಮೊದಲು ಅರಣ್ಯ ಇಲಾಖೆಯ ಹತ್ತಿರದ ಕಚೇರಿಯಲ್ಲಿ ಏನು ಕಾಗದ ಬೇಕು ಅಂತ ಕೇಳಿ. ಬೀದರ್ ಕಡೆಯವರು ಮಹಾರಾಷ್ಟ್ರದ ಉದಗೀರ್, ತೆಲಂಗಾಣದ ಜಹೀರಾಬಾದ್ ಕಡೆಯಿಂದ ತರುವುದಾದರೆ ಎರಡೂ ರಾಜ್ಯದಲ್ಲಿ ವಿಚಾರಿಸಬೇಕು. ಗುಡಿ, ದರ್ಗಾ, ಮಠದಿಂದ ಬಂದದ್ದು ಅನ್ನುವ ಕೆತ್ತನೆಯ ಮರ ಕೊಳ್ಳಬೇಡಿ. ನೂರು ವರ್ಷ ದಾಟಿದ ಕೆತ್ತನೆ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು ಎನಿಸಬಹುದು. ಅದು ಇದ್ದಲ್ಲೇ ಇರಬೇಕು ಅನ್ನುವುದು ನನ್ನ ಆಸೆ ಕೂಡ.

ಬಿಚ್ಚುವುದು, ಒಟ್ಟುವುದು

ಬಿಚ್ಚುವ ಕೆಲಸ ಮೇಲಿನಿಂದ ಕೆಳಗೆ ಬರಬೇಕು. ಮೊದಲು ಮಾಳಿಗೆಯ ಮಣ್ಣು, ಆಮೇಲೆ ಜಂತಿ (ತೊಲೆಗಳ ಮೇಲೆ ಅಡ್ಡ ಕೂರುವ ಸಣ್ಣ ಮರ), ಆಮೇಲೆ ತೊಲೆ, ಕೊನೆಗೆ ಬೋದಿಗೆ (ಕಂಬದ ತಲೆಯ ಮೇಲಿನ ಅಡ್ಡ ಮರ) ಮತ್ತು ಕಂಬ. ಮಣ್ಣು ಪೂರ್ತಿ ಇಳಿಯುವ ತನಕ ಕೆಳಗೆ ಯಾರೂ ನಿಲ್ಲಬಾರದು. ಮಾಳಿಗೆಯ ಮಣ್ಣಿನಲ್ಲಿ ಚೇಳು ಇರುತ್ತವೆ, ಹಾವೂ ಇರಬಹುದು. ಬೂಟು, ಕೈಗವಸು, ಮೂಗಿಗೆ ಬಟ್ಟೆ ಬೇಕೇ ಬೇಕು.

ಪ್ರತಿ ತುಂಡಿಗೂ ನಂಬರ್ ಹಾಕಿ. ಸುಣ್ಣದ ಕಡ್ಡಿಯಲ್ಲಿ ಬರೆದರೆ ಒಂದೇ ಮಳೆಗೆ ಹೋಗುತ್ತದೆ. ಎಣ್ಣೆ ಬಣ್ಣದಲ್ಲಿ ಬರೆಯಿರಿ. ಕಂಬಕ್ಕೆ ಕ, ತೊಲೆಗೆ ತ, ಜಂತಿಗೆ ಜ. ಬೋದಿಗೆಗೆ ಅದರ ಕಂಬದ ನಂಬರನ್ನೇ ಕೊಡಿ. ಹಳೆ ಬಡಿಗರು ಪ್ರತಿ ಕೀಲನ್ನೂ ಅದರ ಜೋಡಿಗೇ ಅಂತ ಕೊರೆದಿರುತ್ತಾರೆ. ಒಂದರ ಬೋದಿಗೆ ಇನ್ನೊಂದು ಕಂಬಕ್ಕೆ ಸರಿಯಾಗಿ ಕೂರುವುದಿಲ್ಲ.

ಇಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಜೂನ್ ಬಂದಿತ್ತು. ಮಳೆಯ ಭಯಕ್ಕೆ ಕಟ್ಟಿಗೆಯನ್ನೆಲ್ಲ ಹೊಲದ ಎರೆ ಮಣ್ಣಿನ ಮೇಲೇ ಒಟ್ಟಿ, ಸುತ್ತಲೂ ತಾಡಪಾಲು ಬಿಗಿದು ಕಟ್ಟಿ ಬಂದೆವು. ಸೆಪ್ಟೆಂಬರ್‌ನಲ್ಲಿ ಬಿಚ್ಚಿದಾಗ ಒಳಗೆಲ್ಲ ಬೂಸ್ಟು. ಕೆಳಗಿನ ಸಾಲಿನ ಜಂತಿಗಳಿಗೆ ಒರಲೆ (ಗೆದ್ದಲು) ಹತ್ತಿತ್ತು. ಮೂರು ಜಂತಿ ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ಅಜ್ಜ ಕಟ್ಟಿಸಿದ ಮನೆಯಲ್ಲಿ ಅಷ್ಟು ವರ್ಷ ನಿಂತ ಕಟ್ಟಿಗೆ ನಮ್ಮ ಕೈಯಲ್ಲಿ ಮೂರೇ ತಿಂಗಳಿಗೆ ಹೋಯಿತಲ್ಲ ಅಂತ ತುಂಬ ಸಂಕಟವಾಯಿತು.

ಸರಿಯಾದ ಕ್ರಮ ಹೀಗೆ. ಒಂದು ಅಡಿ ಎತ್ತರಕ್ಕೆ ಕಲ್ಲು ಇಟ್ಟು ಅದರ ಮೇಲೆ ಮೊದಲ ಸಾಲು. ಸಾಲು ಸಾಲಿನ ನಡುವೆ ಒಂದಿಂಚಿನ ಪಟ್ಟಿಗಳು, ಒಂದರ ಮೇಲೊಂದು ನೇರವಾಗಿ. ಮೇಲೆ ಮಾತ್ರ ತಗಡು, ಬದಿಗಳು ತೆರೆದಿರಲಿ. ಗಾಳಿ ಆಡಬೇಕು. ಹದಿನೈದು ದಿನಕ್ಕೊಮ್ಮೆ ಕಲ್ಲುಗಳ ಮೇಲೆ ಒರಲೆಯ ಮಣ್ಣಿನ ಗೆರೆ ಏರಿದೆಯಾ ನೋಡಿ.

ಪರೀಕ್ಷೆ

ಈ ಹಂತಕ್ಕೆ ಒಂದು ಪೂರ್ತಿ ದಿನ ಇಡಿ. ಬೇಕಾಗುವುದು ಒಂದು ಸ್ಕ್ರೂಡ್ರೈವರ್, ಸುತ್ತಿಗೆ, ಟೇಪು, ವಹಿ. ಜೊತೆಗೆ ವಯಸ್ಸಾದ ಬಡಿಗ ಒಬ್ಬರಿದ್ದರೆ ಅರ್ಧ ಕೆಲಸ ಹಗುರ.

ಮೊದಲು ತುದಿ ನೋಡಿ. ಗೋಡೆಯೊಳಗೆ ಹೂತ ತುದಿಗೇ ನೀರು, ಒರಲೆ ಎರಡೂ ಮೊದಲು ಮುಟ್ಟುವುದು. ಸ್ಕ್ರೂಡ್ರೈವರ್ ಚುಚ್ಚಿ. ಗಟ್ಟಿ ಮರಕ್ಕೆ ಮೊನೆ ಇಳಿಯುವುದಿಲ್ಲ. ಬೆಣ್ಣೆಗೆ ಇಳಿದಂತೆ ಇಳಿದರೆ ಅಷ್ಟು ಭಾಗ ಕತ್ತರಿಸಲೇಬೇಕು. ನಮ್ಮ ತೊಲೆಗಳಲ್ಲಿ ಕೆಲವಕ್ಕೆ ಒಂದೊಂದು ಅಡಿ ಹೋಯಿತು.

ಆಮೇಲೆ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಠಣ್ ಅಂದರೆ ಗಟ್ಟಿ, ದಬ್ ಅಂದರೆ ಪೊಳ್ಳು. ಸಂತೆಯಲ್ಲಿ ಕಲ್ಲಂಗಡಿ ತಟ್ಟಿ ನೋಡುತ್ತೀವಲ್ಲ, ಹಾಗೆಯೇ ಕಿವಿ ಕೊಟ್ಟು ಕೇಳಬೇಕು.

ಸಣ್ಣ ತೂತುಗಳು ಇದ್ದರೆ ಹೆದರಬೇಡಿ. ಹಳೆ ತೂತು ಇದೆ, ಪುಡಿ ಇಲ್ಲ ಅಂದರೆ ಹುಳ ಬಿಟ್ಟುಹೋಗಿ ಕಾಲವಾಗಿದೆ. ಕೆಳಗೆ ಕಾಗದ ಹಾಸಿ ತಟ್ಟಿದಾಗ ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ. ಅದನ್ನು ಬೇರೆ ಇಡಿ.

ಬಿರುಕಿನಲ್ಲೂ ಎರಡು ಬಗೆ. ಮರದ ಎಳೆಯ ಉದ್ದಕ್ಕೆ ಹೋಗುವ ಬಿರುಕು ಒಣಗುವಾಗ ಆದದ್ದು, ಸಾಮಾನ್ಯವಾಗಿ ಚಿಂತೆ ಇಲ್ಲ. ಓರೆಯಾಗಿ ಹೋಗಿ ಪಕ್ಕದಿಂದ ಹೊರಬೀಳುವ ಬಿರುಕು ಮುರಿಯುವ ಬಿರುಕು. ಅಂಥ ತೊಲೆ ಸೂರಿಗೆ ಬೇಡ. ಹಾಗೆಯೇ ತೊಲೆಯ ನಟ್ಟ ನಡುವೆ, ಕೆಳಬದಿಯಲ್ಲಿ ಹಳೆ ಕಚ್ಚು ಇದ್ದರೆ ಬಿಟ್ಟುಬಿಡಿ. ಭಾರ ಬಿದ್ದಾಗ ತೊಲೆಯ ಕೆಳಬದಿ ಎಳೆತಕ್ಕೆ ಸಿಗುತ್ತದೆ, ಮೇಲ್ಬದಿ ಒತ್ತಡಕ್ಕೆ. ಕೆಳಗೆ ಕಚ್ಚು ಇದ್ದರೆ ಅಲ್ಲಿಂದಲೇ ಸೀಳು ಶುರುವಾಗುತ್ತದೆ. ಇಂಥವನ್ನು ಚೌಕಟ್ಟಿಗೋ ಕಪಾಟಿಗೋ ಕೊಯ್ಸಿ.

ನಮ್ಮ ಲೆಕ್ಕ ಹೀಗೆ ಬಂತು: 14 ಕಂಬದಲ್ಲಿ 11 ಗಟ್ಟಿ. 9 ತೊಲೆಯಲ್ಲಿ 7. ಜಂತಿ 62ರಲ್ಲಿ 46. ಮೂರರಲ್ಲಿ ಒಂದು ಪಾಲು ಹೋಗುತ್ತದೆ ಅಂದುಕೊಂಡೇ ಹೊರಟರೆ ಮುಂದೆ ಮನಸ್ಸಿಗೆ ನೋವಾಗುವುದಿಲ್ಲ.

ಮೊಳೆ ಮತ್ತು ಹಳೆ ಬಣ್ಣ

ಅಡ್ಡೆಗೆ ಕೊಯ್ಯಲು ಒಯ್ಯುವ ಮೊದಲು ಪ್ರತಿ ಮೊಳೆಯನ್ನೂ ತೆಗೆಯಬೇಕು. ತಲೆ ಮುರಿದ ಮೊಳೆ ಕಣ್ಣಿಗೆ ಕಾಣುವುದಿಲ್ಲ. ಹಳೆ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಮರದ ಮೇಲೆ ಆಡಿಸಿದರೆ ಮೊಳೆ ಇದ್ದಲ್ಲಿ ಎಳೆಯುತ್ತದೆ. ಗರಗಸದ ಪಟ್ಟಿಗೆ ಮೊಳೆ ಸಿಕ್ಕರೆ ಪಟ್ಟಿ ತುಂಡಾಗಿ ಕೊಯ್ಯುವವರಿಗೇ ಪೆಟ್ಟು.

ಬಾಗಿಲು, ಕಿಟಕಿಗೆ ಹಸಿರು, ನೀಲಿ ಎಣ್ಣೆ ಬಣ್ಣ ಪದರ ಪದರವಾಗಿ ಇರುತ್ತದೆ. ಹಳೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ದಾಟಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದೇ 2016ರಲ್ಲಿ. ಸೀಸದ ಧೂಳು ಮಕ್ಕಳ ಮಿದುಳಿಗೆ ಕೆಟ್ಟದ್ದು. ಹಾಗಾಗಿ ಹಳೆ ಬಣ್ಣವನ್ನು ಒಣಗಿದ್ದಾಗಲೇ ಮಿಷನ್ ಹಾಕಿ ಉಜ್ಜಬೇಡಿ, ಬೆಂಕಿಯಲ್ಲೂ ಸುಡಬೇಡಿ. ನೀರು ಚಿಮುಕಿಸುತ್ತಾ ಕೆರೆಯಿರಿ. ಕೆಳಗೆ ಪ್ಲಾಸ್ಟಿಕ್ ಹಾಸಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಮಕ್ಕಳು, ಬಸುರಿ ಹೆಣ್ಣುಮಕ್ಕಳು ಆ ದಿನ ಹತ್ತಿರ ಬರಬಾರದು. ಉದುರಿದ ಚೂರನ್ನು ಹೊಲಕ್ಕೆ ಚೆಲ್ಲಬೇಡಿ.

ಅಂಕಣದ ಲೆಕ್ಕದಲ್ಲಿ ನಕಾಶೆ

ಈಗ ನಕಾಶೆ. ನಮ್ಮ ಹಿರಿಯರು ಮನೆಯನ್ನು ಚದರ ಅಡಿಯಲ್ಲಿ ಹೇಳುತ್ತಿರಲಿಲ್ಲ. ಐದು ಅಂಕಣದ ಮನೆ, ಹನ್ನೆರಡು ಅಂಕಣದ ಮನೆ ಅನ್ನುತ್ತಿದ್ದರು. ಎರಡು ತೊಲೆಗಳ ನಡುವಿನ ಜಾಗ ಒಂದು ಅಂಕಣ. ಅದರ ಅಗಲವನ್ನು ಜಂತಿಯ ಉದ್ದ ಹೇಳುತ್ತದೆ, ಅದರ ಉದ್ದವನ್ನು ತೊಲೆ ಹೇಳುತ್ತದೆ. ಹಳೆ ಕಟ್ಟಿಗೆಗೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡಿಲ್ಲ.

ನಮ್ಮ ಗಟ್ಟಿ ಜಂತಿಗಳೆಲ್ಲ ಆರೂವರೆ ಅಡಿ. ಎರಡೂ ತುದಿ ತೊಲೆಯ ಮೇಲೆ ಕೂರಲು ಜಾಗ ಬೇಕು. ಅದನ್ನು ಕಳೆದರೆ ತೊಲೆಯಿಂದ ತೊಲೆಗೆ 6 ಅಡಿ. ತೊಲೆ 10 ಅಡಿ. ಎರಡೂ ಬದಿಗೆ ಅರ್ಧರ್ಧ ಅಡಿ ಗೋಡೆ ಅಥವಾ ಬೋದಿಗೆಯ ಮೇಲೆ ಕೂತರೆ ನಡುವೆ 9 ಅಡಿ. ಅಂದರೆ ನಮ್ಮ ಅಂಕಣ 6 ಅಡಿಗೆ 9 ಅಡಿ. ತುದಿ ಕತ್ತರಿಸಿ ಗಿಡ್ಡವಾದ ತೊಲೆಗಳಿದ್ದರೆ ಅವುಗಳಲ್ಲಿ ಅತಿ ಗಿಡ್ಡವಾದದ್ದರ ಅಳತೆ ಹಿಡಿಯಿರಿ, ಅಥವಾ ಕಂಬದ ಮೇಲೆ ಉದ್ದನೆಯ ಬೋದಿಗೆ ಇಟ್ಟು ಸರಿದೂಗಿಸಿ.

ಹಿಂದೆ ನಾಲ್ಕು ಅಂಕಣ, ಮುಂದೆ ನಾಲ್ಕು ಅಂಕಣ. ಒಟ್ಟು ಎಂಟು ಅಂಕಣದ ಮನೆ. ಉದ್ದ 24 ಅಡಿ. ಹಿಂದಿನ ಸಾಲು ಕೋಣೆಗಳು, ಮುಂದಿನ ಸಾಲು ಪಡಸಾಲೆ. ಪಡಸಾಲೆಯ ಎರಡೂ ಬದಿಗೆ ಗೋಡೆ, ಮುಂದೆ ಮಾತ್ರ ಕಂಬ. ಒಂದೊಂದು ಸಾಲಿಗೆ ಮೂರು ತೊಲೆ ಸಾಕು, ಯಾಕೆಂದರೆ ಕೊನೆಯ ಅಂಕಣದ ಜಂತಿ ಬದಿಗೋಡೆಯ ಮೇಲೆ ಕೂರುತ್ತದೆ. ಒಟ್ಟು ಆರು ತೊಲೆ, ಒಂದು ಉಳಿಯಿತು. ಜಂತಿ ಒಂದೂವರೆ ಅಡಿಗೊಂದು. ಹಿಂದಿನ ಅಂಕಣಕ್ಕೆ ಐದು. ಮುಂದಿನ ಅಂಕಣಕ್ಕೆ ಆರು, ಯಾಕೆಂದರೆ ಕಂಬಗಳ ಸಾಲಿನ ಮೇಲೆ ಗೋಡೆ ಇಲ್ಲ, ಅಲ್ಲೊಂದು ಹೆಚ್ಚು ಬೇಕು. ಒಟ್ಟು 44. ನಮ್ಮ ಹತ್ತಿರ 46 ಇದ್ದವು. ಆ ದಿನ ವಹಿಯಲ್ಲಿ ಲೆಕ್ಕ ಹೊಂದಿದಾಗ ಆದ ಸಂತೋಷ ನನಗೆ ಇನ್ನೂ ನೆನಪಿದೆ.

ಅಡುಗೆಮನೆ, ಬಚ್ಚಲು, ಪಾಯಿಖಾನೆಯನ್ನು ಈ ಎಂಟು ಅಂಕಣದೊಳಗೆ ತರಲಿಲ್ಲ. ಪಡುವಣ ಬದಿಗೆ ಬೇರೆಯಾಗಿ ಇಟ್ಟಿಗೆ ಗೋಡೆ, ಸಣ್ಣ ಸ್ಲ್ಯಾಬ್ ಹಾಕಿ ಕಟ್ಟಿಸಿದೆವು. ನೀರು ಇರುವ ಕಡೆ ಹಳೆ ಕಟ್ಟಿಗೆ ಬೇಡ. ಇನ್ನೊಂದು ಲಾಭವೂ ಇದೆ. ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನದ ಪಡುವಣ ಬಿಸಿಲು ಬಚ್ಚಲ ಗೋಡೆಗೆ ಬೀಳಲಿ, ಮಲಗುವ ಕೋಣೆಗೆ ಬೇಡ, ಅಲ್ವಾ? ಪಡಸಾಲೆ ಮೂಡಣಕ್ಕೋ ಬಡಗಣಕ್ಕೋ ಮುಖ ಮಾಡಿದರೆ ಸಂಜೆ ಕೂರಲು ಹಾಯಾಗಿರುತ್ತದೆ.

ನಕಾಶೆ ಬರೆಯುವಾಗ ಮನೆಯವರನ್ನೆಲ್ಲ ಕೂರಿಸಿ ಒಂದು ಪ್ರಶ್ನೆ ಕೇಳಿ: ಅತಿ ಹೆಚ್ಚು ಜನ ಯಾವ ದಿನ ಸೇರುತ್ತಾರೆ? ನಮ್ಮಲ್ಲಿ ಅದು ಎಳ್ಳಮಾಸಿ (ಎಳ್ಳು ಅಮಾವಾಸ್ಯೆ). ಚರಗ (ಹೊಲಕ್ಕೆ ಎಡೆಯಾಗಿ ಚೆಲ್ಲುವ ಅಡುಗೆ) ಚೆಲ್ಲಿ, ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ ಉಣ್ಣಲು ಇಪ್ಪತ್ತೈದು ಜನ ಹೊಲಕ್ಕೆ ಬರುತ್ತಾರೆ. ಕೂತು ಉಣ್ಣಲು ಒಬ್ಬರಿಗೆ ಎರಡು ಅಡಿ. 24 ಅಡಿಯ ಪಡಸಾಲೆಯಲ್ಲಿ ಎದುರುಬದುರು ಎರಡು ಪಂಕ್ತಿಗೆ 24 ಜನ. ಹಾಗಾಗಿ ಪಡಸಾಲೆಯನ್ನು ಎಲ್ಲೂ ಅಡ್ಡ ಕಟ್ಟಲಿಲ್ಲ. ಉಳಿದ ವಾರಗಳಲ್ಲಿ ನಾವು ಆರೇ ಜನ, ಎರಡು ಕೋಣೆ ಧಾರಾಳ. ಬೇಸಿಗೆಯಲ್ಲಂತೂ ಎಲ್ಲರೂ ಮಾಳಿಗೆಯ ಮೇಲೇ ಮಲಗುವುದು. ಅದಕ್ಕೆ ಹೊರಗಿನಿಂದ ಕಲ್ಲಿನ ಮೆಟ್ಟಿಲು, ಸುತ್ತ ಮೂರೂವರೆ ಅಡಿ ಕಟ್ಟೆಗೋಡೆ ಮೊದಲೇ ನಕಾಶೆಯಲ್ಲಿ ಇರಲಿ.

ಹಳೆ ಬಾಗಿಲಿನ ಬಗ್ಗೆ ಒಂದು ಮಾತು. ಹಳೆ ಚೌಕಟ್ಟು ಗಿಡ್ಡ, ಹೊಸ್ತಿಲು ಎತ್ತರ. ನಮ್ಮದು ಐದೂಕಾಲು ಅಡಿ ಇತ್ತು. ಮುಂಬಾಗಿಲಿಗೆ ಅದನ್ನೇ ಇಡಬೇಕು ಅಂತ ನನಗೆ ಆಸೆ. ಆದರೆ ಅತ್ತೆಗೆ ಮೊಣಕಾಲು ನೋವು, ಮೈದುನ ಆರು ಅಡಿ ಎತ್ತರ. ಕೊನೆಗೆ ಅದನ್ನು ದೇವರ ಕೋಣೆಗೆ ಇಟ್ಟೆವು. ಅಲ್ಲಿ ಎಲ್ಲರೂ ತಲೆ ಬಾಗಿಸಿಯೇ ಹೋಗುವುದು. ಮುಂಬಾಗಿಲಿಗೆ ಉಳಿದ ಕಂಬಗಳಿಂದ ಏಳು ಅಡಿಯ ಹೊಸ ಚೌಕಟ್ಟು ಮಾಡಿಸಿದೆವು.

ಅಡಿಪಾಯ, ಕಂಬದ ಕಾಲು

ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ಕೂತ ಗೋಡೆಯೂ ಬಿರಿಯುತ್ತದೆ. ಮೊರಂ (ಗಟ್ಟಿ ಕಲ್ಲುಮಣ್ಣು) ಸಿಗುವ ತನಕ ಅಗೆಯಿರಿ. ನಮಗೆ ನಾಲ್ಕು ಅಡಿಗೆ ಸಿಕ್ಕಿತು. ಅಗೆದು ತೆಗೆದ ಎರೆ ಮಣ್ಣನ್ನೇ ತಿರುಗಿ ನೆಲದ ಕೆಳಗೆ ತುಂಬಬೇಡಿ. ಮೊರಂ ತುಂಬಿ, ನೀರು ಹಾಕಿ ಕುಟ್ಟಿಸಿ. ನೆಲಮಟ್ಟದಲ್ಲಿ ಸುತ್ತಲೂ ಆರ್‌ಸಿಸಿ ಪಟ್ಟಿ ಹಾಕಿಸಿ. ಒರಲೆ ಔಷಧವನ್ನು ಇದೇ ಹೊತ್ತಿಗೆ, ನೆಲ ಮುಚ್ಚುವ ಮೊದಲು, ತಿಳಿದವರಿಂದ ಹೊಡೆಸಬೇಕು. ಬೀದರ್‌ನ ಕೆಂಪು ಕಲ್ಲಿನ ನೆಲದವರಿಗೆ ಇಷ್ಟು ಕಷ್ಟ ಇಲ್ಲ.

ಕಂಬವನ್ನು ಕಾಂಕ್ರೀಟಿನಲ್ಲಿ ಹೂಳಬೇಡಿ. ನೆಲದ ಮೇಲೆ ಒಂದು ಅಡಿ ಎತ್ತರದ ಕಲ್ಲಿನ ಕುಂಭ ಇಟ್ಟು, ನಡುವೆ ಕಬ್ಬಿಣದ ಮೊಳೆಗೂಟ ಕೂರಿಸಿ, ಅದರ ಮೇಲೆ ಕಂಬ ನಿಲ್ಲಿಸಿ. ನೆಲ ತೊಳೆದ ನೀರು ಕಂಬಕ್ಕೆ ಮುಟ್ಟುವುದಿಲ್ಲ. ಒರಲೆ ಏರಿದರೆ ಕಲ್ಲಿನ ಮೇಲೆ ಮಣ್ಣಿನ ಗೆರೆಯಾಗಿ ಕಾಣುತ್ತದೆ. ಗೋಡೆಯೊಳಗೆ ಹೋಗುವ ತೊಲೆಯ ತುದಿಗೂ ಇದೇ ನ್ಯಾಯ. ಕೆಳಗೆ ಚಪ್ಪಡಿ, ಸುತ್ತಲೂ ಒಂದಿಂಚು ಖಾಲಿ. ಸಿಮೆಂಟ್ ಗಾರೆ ಮೆತ್ತಿ ಮುಚ್ಚಲು ಗೌಂಡಿ ಬಂದರೆ ತಡೆಯಿರಿ.

ಬೀದರ್ ಕೋಟೆಯ ರಂಗೀನ್ ಮಹಲಿಗೆ ಹೋದರೆ ಬರೀದ್ ಶಾಹಿ ಕಾಲದ ಕೆತ್ತನೆಯ ಮರದ ಕಂಬಗಳನ್ನು ನೋಡಿ ಬನ್ನಿ. ಸೂರಿನ ನೆರಳಲ್ಲಿ ಇದ್ದರೆ ಮರ ಎಷ್ಟು ಕಾಲ ಬಾಳುತ್ತದೆ ಅನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಸೂರು

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಗಣಪತಿ ಕಳಿಸಿ ಜನ ಮಲಗಿದ್ದ ರಾತ್ರಿ ಅದು. ಕಿಲ್ಲಾರಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿದ್ದರೂ ಆಳಂದ, ಬಸವಕಲ್ಯಾಣದವರಿಗೆ ದೂರದ ಊರಲ್ಲ. ಸಾವಿರಾರು ಜನ ಸತ್ತದ್ದು ಮಣ್ಣು ಕಲ್ಲಿನ ಗೋಡೆ, ಭಾರದ ಮಣ್ಣಿನ ಮಾಳಿಗೆ ಮೈಮೇಲೆ ಬಿದ್ದು. ಹಳೆ ಮನೆಯ ಚೆಲುವಿನ ಬಗ್ಗೆ ಎಷ್ಟೇ ಪ್ರೀತಿ ಇರಲಿ, ಇದನ್ನು ಮರೆತು ಸೂರು ಮಾಡಬಾರದು.

ಒಂದು ಅಡಿ ದಪ್ಪದ ಮಣ್ಣು ಚದರ ಅಡಿಗೆ 45ರಿಂದ 50 ಕಿಲೋ ಭಾರ. ನಮ್ಮ ಹಳೆ ಮಾಳಿಗೆ ಒಂದೂವರೆ ಅಡಿ ದಪ್ಪ ಇತ್ತು. ಅಂದರೆ 70 ಕಿಲೋ ಹತ್ತಿರ. ಹೊಸ ಮನೆಗೆ ನಾವು ಜಂತಿಯ ಮೇಲೆ ಒಂದೂವರೆ ಇಂಚಿನ ಶಹಾಬಾದ್ ಫರಸಿ (ಚಪ್ಪಡಿ ಕಲ್ಲು) ಹಾಸಿದೆವು. ಅದರ ಮೇಲೆ ಮೂರು ಇಂಚು ಸುಣ್ಣದ ಕಾಂಕ್ರೀಟು, ಮೇಲೆ ಬಿಳಿ ಸುಣ್ಣ. ಫರಸಿ ಚದರ ಅಡಿಗೆ ಒಂಬತ್ತು ಹತ್ತು ಕಿಲೋ, ಕಾಂಕ್ರೀಟು ಹದಿಮೂರರಷ್ಟು. ಹಳೆ ಭಾರದ ಮೂರನೇ ಒಂದು ಪಾಲು. ಕೆಳಗಿನಿಂದ ನೋಡಿದರೆ ಕಪ್ಪು ಜಂತಿ, ನಡುವೆ ಬೂದು ಕಲ್ಲು. ನಮ್ಮ ನೆಲದ್ದೇ ಕಲ್ಲು, ತುಂಬ ಒಪ್ಪುತ್ತದೆ.

ತೊಲೆಯ ಮಟ್ಟದಲ್ಲಿ ಗೋಡೆಗಳ ಮೇಲೆ ಸುತ್ತಲೂ ಆರ್‌ಸಿಸಿ ಪಟ್ಟಿ ಬೇಕು. ತೊಲೆಗಳನ್ನು ಆ ಪಟ್ಟಿಗೂ ಬೋದಿಗೆಗೂ ಕಬ್ಬಿಣದ ಪಟ್ಟಿ, ಬೋಲ್ಟಿನಿಂದ ಕಟ್ಟಬೇಕು. ಹಳೆ ಕಾಲದಲ್ಲಿ ಭಾರವೇ ಎಲ್ಲವನ್ನೂ ಹಿಡಿದು ಕೂರಿಸುತ್ತಿತ್ತು. ಭಾರ ಕಡಿಮೆ ಮಾಡಿದ ಮೇಲೆ ಬಿಗಿಯಾಗಿ ಕಟ್ಟುವುದು ನಮ್ಮ ಕೆಲಸ. ಅಳತೆಗಳನ್ನೆಲ್ಲ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ. ಇಲ್ಲಿ ಬರೆದದ್ದು ನಮ್ಮ ಕಟ್ಟಿಗೆಯ ಲೆಕ್ಕ, ನಿಮ್ಮದು ಬೇರೆ ಇರುತ್ತದೆ. ಈ ಫೀಸು ಉಳಿಸಲು ಹೋಗಬೇಡಿ.

ಇಷ್ಟು ವರ್ಷ ಭಾರ ಹೊತ್ತ ಜಂತಿ ಸ್ವಲ್ಪ ಬಾಗಿರುತ್ತದೆ. ಕೂರಿಸುವಾಗ ಉಬ್ಬಿದ ಬದಿ ಮೇಲೆ ಬರಲಿ.

ಸೂರಿನಲ್ಲಿ ಎರಡು ಬೆಳಕಿಂಡಿ ಇಟ್ಟೆವು, ಒಂದೊಂದು ಸಾಲಿಗೆ ಒಂದು. ಹಳೆ ಮನೆಯಲ್ಲಿ ಮಳೆ ಬಂದರೆ ಓಡಿಹೋಗಿ ಮುಚ್ಚಬೇಕಿತ್ತು. ಈಗ ಮೇಲೆ ಗಟ್ಟಿ ಗಾಜು, ಬದಿಗೆ ಜಾಲರಿ. ಬೆಳಕೂ ಬರುತ್ತದೆ, ಬಿಸಿ ಗಾಳಿ ಮೇಲೇರಿ ಹೊರಹೋಗುತ್ತದೆ. ಪಡಸಾಲೆಯ ಮುಂದೆ ಮೂರು ಅಡಿ ಇಳಿಜಾರು ಹಂಚಿನ ಚಾಚು ಇಲ್ಲದಿದ್ದರೆ ಸೆಪ್ಟೆಂಬರ್ ಮಳೆಯ ಇರಚಲು ಕಂಬಗಳನ್ನು ನೆನೆಸುತ್ತದೆ.

ಹುಳದ ಔಷಧ, ಎಣ್ಣೆ

ಬಣ್ಣ ತೆಗೆದು, ರಂದಾ ಹೊಡೆದ ಮೇಲೆ ಬೋರಾಕ್ಸ್ ನೀರು ಹಚ್ಚಿ. 10 ಲೀಟರ್ ಬಿಸಿ ನೀರಿಗೆ 600 ಗ್ರಾಂ ಬೋರಾಕ್ಸ್, 400 ಗ್ರಾಂ ಬೋರಿಕ್ ಪುಡಿ. ಕೈಗವಸು ಹಾಕಿ, ಬಿಸಿ ಇರುವಾಗಲೇ ಬ್ರಷ್‌ನಿಂದ ಎರಡು ಮೂರು ಸಲ. ತುದಿಗಳಿಗೆ, ಹಳೆ ಕೀಲಿನ ತೂತುಗಳಿಗೆ ಜಾಸ್ತಿ ಕುಡಿಸಿ. ಮಕ್ಕಳ ಕೈಗೆ ಸಿಗದಂತೆ ಇಡಿ. ಇದು ನೀರಿನಲ್ಲಿ ಕರಗಿ ಹೋಗುವ ಔಷಧ. ಮಳೆ ಬೀಳುವ ಜಾಗಕ್ಕೆ ಉಪಯೋಗವಿಲ್ಲ.

ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆ. ನಮ್ಮ ಹೊಲಗಳಲ್ಲೇ ಬೆಳೆಯುವ ಅಗಸೆ. ಹೊಳೆಯುವ ಪಾಲಿಶ್‌ಗಿಂತ ಹಳೆ ಕಟ್ಟಿಗೆಗೆ ಇದೇ ಚೆಂದ ಅನ್ನುವುದು ನನ್ನ ಅನಿಸಿಕೆ. ಮೊದಲ ಸಲ ಟರ್ಪೆಂಟೈನ್ ಬೆರೆಸಿ ತೆಳ್ಳಗೆ, ಆಮೇಲೆ ಎರಡು ಸಲ. ಹಚ್ಚಿ ಅರ್ಧ ಗಂಟೆಗೆ ಹೆಚ್ಚಾದದ್ದನ್ನು ಒರೆಸಿಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನೇ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹೊರಗೆ ಬಿಡಿಸಿ ಒಣಗಿಸಿ. ಕಟ್ಟಿಗೆಯ ಮನೆಯಲ್ಲಿ ಇದು ನಿಜವಾದ ಅಪಾಯ.

ವಾರವಿಡೀ ಮುಚ್ಚಿದ ಮನೆ

ಐದು ದಿನ ಬೀಗ ಹಾಕಿದ ಮನೆಗೆ ದಿನಾ ಇರುವ ಮನೆಗಿಂತ ಬೇರೆ ಕಾಳಜಿ ಬೇಕು. ಶನಿವಾರ ಸಂಜೆ ಬಾಗಿಲು ತೆಗೆದಾಗ ಒಳಗೆ ಒಲೆಯಂತೆ ಕಾದಿರಬಾರದು. ಗೋಡೆಯ ಮೇಲ್ಭಾಗದಲ್ಲಿ ಎದುರುಬದುರಾಗಿ ಸಣ್ಣ ಗಾಳಿ ಕಿಂಡಿಗಳಿರಲಿ, ಯಾವಾಗಲೂ ತೆರೆದಿರಲಿ. ಇಲಿ, ಬಾವಲಿ, ಹಾವು ಬರದಂತೆ ಗಟ್ಟಿ ಜಾಲರಿ ಬಡಿಸಿ. ಕರೆಂಟಿನ ವಯರು ಪೈಪಿನೊಳಗೇ ಹೋಗಬೇಕು, ಜಂತಿಗೆ ಸುಮ್ನೆ ಮೊಳೆ ಹೊಡೆದು ಎಳೆಯಬಾರದು. ಇಲಿ ಕಚ್ಚಿದ ವಯರು, ಒಣ ಕಟ್ಟಿಗೆ, ಮನೆಯಲ್ಲಿ ಯಾರೂ ಇಲ್ಲ. ಹೊರಡುವಾಗ ಮೇನ್ ಸ್ವಿಚ್ ಆರಿಸಿ, ಗ್ಯಾಸ್ ಬಂದ್ ಮಾಡಿ. ಉರುವಲನ್ನು ಗೋಡೆಗೆ ಒರಗಿಸಿ ಒಟ್ಟಬೇಡಿ. ಒರಲೆಗೆ ಅದೇ ಮೆಟ್ಟಿಲು.

ಕಟ್ಟುವ ಮೊದಲು ಪಹಣಿ ಹಿಡಿದು ತಹಸೀಲ್ ಕಚೇರಿ ಮತ್ತು ಪಂಚಾಯಿತಿಯಲ್ಲಿ ಹೊಲದಲ್ಲಿ ಎಷ್ಟು, ಎಂಥ ಮನೆಗೆ ಒಪ್ಪಿಗೆ ಇದೆ ಅಂತ ಕೇಳಿಕೊಳ್ಳಿ. ಎನ್‌ಎ (ಹೊಲದ ಜಮೀನನ್ನು ಕೃಷಿಯೇತರ ಅಂತ ಬದಲಿಸುವುದು) ಬೇಕಾದರೆ ಅದು ಮೊದಲು.

ಖರ್ಚಿನ ವಿಷಯದಲ್ಲಿ ನಿಜ ಹೇಳಬೇಕು. ಕಟ್ಟಿಗೆಯ ದುಡ್ಡು ಉಳಿಯುತ್ತದೆ, ಕೂಲಿ ಏರುತ್ತದೆ. ಮೊಳೆ ತೆಗೆಯುವುದು, ಕೆರೆಯುವುದು, ಕೀಲು ಹೊಂದಿಸುವುದು ಎಲ್ಲ ಕೈಕೆಲಸ. ನಮಗೆ ಬಡಗಿ ಕೂಲಿಯೇ ಅಂದುಕೊಂಡದ್ದಕ್ಕಿಂತ ಜಾಸ್ತಿ ಆಯಿತು. ಬೇಗ ಮುಗಿಸಬೇಕು, ಅಗ್ಗವಾಗಿ ಆಗಬೇಕು ಅನ್ನುವವರಿಗೆ ಈ ದಾರಿ ಹೇಳಲಾರೆ.

ಬಾಗಿಲು, ಕಿಟಕಿ ಕೂರಿಸುವಾಗ ಮಾತ್ರ ಕಾಲ ನೋಡಿ. ಮೇ ತಿಂಗಳ ಒಣ ಗಾಳಿಗೆ ಕಟ್ಟಿಗೆ ಕುಗ್ಗಿರುತ್ತದೆ. ಆಗ ಬಿಗಿಯಾಗಿ ಕೂರಿಸಿದ ಬಾಗಿಲು ಆಗಸ್ಟ್‌ನಲ್ಲಿ ಉಬ್ಬಿ ಹಾಕಲು ಬರುವುದಿಲ್ಲ. ಮಳೆಗಾಲದಲ್ಲಿ ಬಿಗಿಯಾಯಿತು ಅಂತ ಆಗಲೇ ರಂದಾ ಹೊಡೆದರೆ ಬೇಸಿಗೆಗೆ ಸಂದಿ ಬೀಳುತ್ತದೆ. ಒಂದು ವರ್ಷ ಎರಡೂ ಕಾಲ ಕಳೆಯಲಿ, ಆಮೇಲೆ ಬಡಿಗರನ್ನು ಕರೆಸಿ. ನಮ್ಮಲ್ಲಿ ಉಳಿದ ಒಂದು ತೊಲೆ, ಎರಡು ಜಂತಿಯನ್ನು ನಂಬರ್ ಸಮೇತ ಪಡಸಾಲೆಯ ಗೋಡೆಗೆ ಕಲ್ಲಿನ ಗೂಟದ ಮೇಲೆ ಇಟ್ಟಿದ್ದೇವೆ. ಮುಂದೆ ಎಂದಾದರೂ ಸೂರಿನ ಒಂದು ಜಂತಿ ಬದಲಿಸಬೇಕಾದರೆ ಅದೇ ಅಳತೆಯದು ಅಂಗಡಿಯಲ್ಲಿ ಸಿಗುವುದಿಲ್ಲ.